ಕೈಯಲ್ಲೇ ಹೊಲಿಯೋ ಚರ್ಮದ ಕತ್ತಿ ಒರೆ: ಒಂದಕ್ಕೆ 5 ಗಂಟೆ ಹಿಡೀತಿದೆ, ಬೇಗ ಮಾಡೋದು ಹೇಗೆ?

ಹೊಸನಗರ_ಕೈಕೆಲಸ
ಎಲ್ರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಚರ್ಮದ ಕೆಲಸ ಕಲೀತಿದೀನಿ, ಬೆಲ್ಟು ಪರ್ಸು ಎಲ್ಲ ಮುಗಿಸಿ ಈಗ ಕತ್ತಿ ಒರೆಗೆ ಬಂದಿದೀನಿ. ನಮ್ಮೂರ ಹತ್ರ ಕುಲುಮೆ ಇರೋರೊಬ್ರು ತೋಟಕ್ಕೆ ಸಣ್ಣ ಕತ್ತಿ ಮಾಡ್ತಾರೆ, ಲಾರಿ ಸ್ಪ್ರಿಂಗ್ ಪಟ್ಟಿಯಿಂದ, ಅಲಗು 6 ಇಂಚು. ಆಯುಧಪೂಜೆ ಒಳಗೆ 40 ಕತ್ತಿಗೆ ಒರೆ ಬೇಕು ಅಂದ್ರು, ಒಪ್ಕೊಂಡುಬಿಟ್ಟೆ. ಮೊದಲ ಮೂರು ಮಾಡಿ ನೋಡಿದ್ರೆ ಒಂದೊಂದಕ್ಕೂ ಸರಿಯಾಗಿ 5 ಗಂಟೆ. ಅಳತೆ ತೆಗೆದು ಕತ್ತರಿಸೋಕೆ 40 ನಿಮಿಷ, ಅಂಟು ಹಚ್ಚಿ ಕೂರಿಸೋಕೆ ಅರ್ಧ ಗಂಟೆ, ಉಳಿಯಿಂದ ಒಂದೊಂದೇ ತೂತು ಚುಚ್ಚೋಕೆ ಒಂದು ಗಂಟೆ ಮೇಲೆ, ಹೊಲಿಗೆ ಒಂದೂವರೆ ಗಂಟೆ, ಆಮೇಲೆ ಅಂಚು ಉಜ್ಜೋದು.
ಚರ್ಮ 3 ಮಿಮೀ ದಪ್ಪದ್ದು, ಎರಡು ಪದರ, ಮಧ್ಯೆ ಹೊಲಿಗೆ ಕುಯ್ದುಹೋಗ್ಬಾರ್ದು ಅಂತ ಒಂದು ಪಟ್ಟಿ. ಮಿಷನ್ ಇಲ್ಲ, ತಗೊಳ್ಳೋ ಯೋಚನೆನೂ ಇಲ್ಲ, ಕೈ ಹೊಲಿಗೆ ಅಂತ ಮಾತು ಕೊಟ್ಟಿದೀನಿ. ಕೆಲಸ ಕೆಡದಂಗೆ ಟೈಮ್ ಎಲ್ಲಿ ಉಳಿಸ್ಬೋದು ಹೇಳಿ.

ಬೆಂದಕಾಳೂರ್_ಲೆದರ್
ಮೊದಲನೇ ಪ್ರಶ್ನೆ, ಒಂದೊಂದಾಗಿ ಪೂರ್ತಿ ಮುಗಿಸ್ತಿದೀರಾ ಇಲ್ಲ ಹತ್ತು ಹತ್ತು ಒಟ್ಟಿಗೆ ಹಾಕ್ಕೊಳ್ತೀರಾ? ನಿಮ್ಮ ಲೆಕ್ಕ ನೋಡಿದ್ರೆ ಒಂದೊಂದೇ ಅನ್ಸುತ್ತೆ. ಅಲ್ಲೇ ಹೋಗ್ತಿರೋದು ಟೈಮು. ಅಂಟಿನ ಡಬ್ಬ ತೆಗಿ, ಹಚ್ಚು, ಕಾಯಿ, ಮುಚ್ಚು, ಮತ್ತೆ ಉಳಿ ಹುಡುಕು, ಮೇಣ ಹುಡುಕು. ಹತ್ತು ಒರೆ ಒಂದೇ ಸಲ ಕತ್ತರಿಸಿ, ಹತ್ತಕ್ಕೂ ಅಂಟು ಹಚ್ಚಿ. ಫೆವಿಕಾಲ್ ಎಸ್‌ಆರ್ ಥರದ್ದಾದ್ರೆ ಎರಡೂ ಕಡೆ ಹಚ್ಚಿ 10-15 ನಿಮಿಷ ಬಿಡಬೇಕು ತಾನೆ, ಹತ್ತನೇದಕ್ಕೆ ಹಚ್ಚಿ ಮುಗಿಯೋಷ್ಟರಲ್ಲಿ ಮೊದಲನೇದು ಕೂರಿಸೋ ಹದಕ್ಕೆ ಬಂದಿರುತ್ತೆ. ಕಾಯೋದೇ ಇಲ್ಲ.
ಎರಡನೇದು ತೂತು. ಮೂರು ಪದರ ಸೇರಿ 9 ಮಿಮೀ ಆಗುತ್ತೆ, ಅದನ್ನ ಕೈ ಉಳಿಯಿಂದ ಚುಚ್ಚಿದ್ರೆ ಗಂಟೆ ಅಲ್ಲ ಕೈಯೇ ಹೋಗುತ್ತೆ. ಸ್ಟ್ಯಾಂಡ್ ಇರೋ ಸಣ್ಣ ಡ್ರಿಲ್ ತಗೊಂಡು 1.5 ಮಿಮೀ ಬಿಟ್ ಹಾಕಿ. 50 ತೂತು ಐದು ನಿಮಿಷ.

ತುಂಗಾತೀರ
ಡ್ರಿಲ್ ಬೆಸ್ಟ್. ನಾನೂ ಅದೇ ಮಾಡೋದು.

ಅಥಣಿಯವ
ಡ್ರಿಲ್ ಬ್ಯಾಡ್ರಿ. ಡ್ರಿಲ್ ಅಂದ್ರ ತೊಗಲನ್ನ ಕೊರದು ಹೊರಗ ತಗದು ಒಗಿತೈತಿ, ಉಳಿ ಹಂಗಲ್ರಿ, ಬರೇ ಸೀಳಿ ದಾರಿ ಮಾಡಿಕೊಡ್ತೈತಿ, ದಾರ ಹೋದ ಮ್ಯಾಲ ತೊಗಲು ತಾನ ಕೂಡಿಕೊಂಡು ದಾರ ಹಿಡಕೋತೈತಿ. ಡ್ರಿಲ್ ಹೊಡದ ಹೊಲಿಗಿ ವರ್ಷದಾಗ ಸಡಲ ಆಗ್ತೈತಿ. ನಮ್ಮ ಮನ್ಯಾಗ ನಾಕ ತಲೆಮಾರಿಂದ ಕೊಲ್ಲಾಪುರಿ ಚಪ್ಪಲಿ ಮಾಡ್ತೀವಿ, ಹೆಸರು ಕೊಲ್ಲಾಪುರದ್ದು ಖರೆ, 2019ರಾಗ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಕೊಟ್ಟಾಗ ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಯಪುರ ನಾಕೂ ಜಿಲ್ಲಾ ಅದರಾಗ ಅದಾವ. ಒಂದ ಮೊಳಿ ಹೊಡಿಯಂಗಿಲ್ಲ, ತೊಗಲಿನ ದಾರದಾಗನ ಹೊಲಿಯೂದು. ಆ ಅಟ್ಟೆ ನಿಮ್ಮ 9 ಮಿಮೀಗಿಂತ ಏನ ಕಡಿಮಿ ಇರಂಗಿಲ್ಲ, ನಮ್ಮವ್ವ ಕೂತು ಉಳಿ ಹಾಕಿದ್ರ ಮಷಿನ್ ಓಡಿದಂಗ ಓಡ್ತೈತಿ.

ಬೆಂದಕಾಳೂರ್_ಲೆದರ್
@ಅಥಣಿಯವ ಸರ್ ನಿಮ್ಮ ತಾಯಿಯವರ ಕೈ ಬೇರೆ, ಒಂದೂವರೆ ವರ್ಷ ಕಲ್ತವರ ಕೈ ಬೇರೆ. ಉಳಿ ಸೊಟ್ಟ ಹೋಗಿ ಹಿಂದಿನ ಸಾಲು ಹಾವಿನ ಥರ ಆಗುತ್ತೆ. ಇವರಿಗೆ 40 ಬೇಕಿದೆ, ಹತ್ತು ವರ್ಷದ ಅಭ್ಯಾಸಕ್ಕೆ ಟೈಮಿಲ್ಲ. ಬಿಟ್ ಸಣ್ಣದು ಹಾಕಿ 1 ಮಿಮೀ ಮೇಣದ ದಾರ ಎರಡು ಸಲ ಹೋದ್ರೆ ತೂತು ತುಂಬುತ್ತೆ. ನಾನು ಆರು ವರ್ಷದ ಹಿಂದೆ ಡ್ರಿಲ್ ಹೊಡೆದು ಹೊಲಿದ ಒರೆ ಈಗ್ಲೂ ಗಟ್ಟಿ ಇದೆ.

ಉಳಿರಂಪಿಗೆ
ಇಬ್ರೂ ಹೇಳೋದು ಸರಿನೇ, ಮಧ್ಯದ ದಾರಿ ಒಂದಿದೆ. ಮೇಲಿನ ಪದರಕ್ಕೆ ಮೊದಲೇ ನಾಲ್ಕೋ ಆರೋ ಹಲ್ಲಿನ ಚಿಸೆಲ್‌ನಿಂದ ತೂತಿನ ಸಾಲು ಹೊಡೆದಿಡಿ, 4 ಮಿಮೀ ಅಂತರ. ಅಂಟಿಸಿದ ಮೇಲೆ ಆ ತೂತಿನಲ್ಲೇ ಉಳಿ ಇಟ್ಟು ಕೆಳಗೆ ಇಳಿಸಿ. ಮೊದಲ 3 ಮಿಮೀ ದಾರಿ ಇರೋದ್ರಿಂದ ಉಳಿ ನೇರ ಹೋಗುತ್ತೆ, ಅರ್ಧ ಶ್ರಮ. ಉಳಿ ಮೊನೆಗೆ ಜೇನುಮೇಣ ಚುಚ್ಚಿ ಚುಚ್ಚಿ ತೆಗೀತಾ ಇರಿ, ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತೆ. ಜನ ಉಳಿ ಮಸೆಯೋದನ್ನೇ ಮರೀತಾರೆ. ಅಂಗಡಿಯಿಂದ ತಂದ ಉಳಿ ಹರಿತ ಇರಲ್ಲ, ಅದನ್ನ ಸಾಣೆಕಲ್ಲಿಗೆ ಹಚ್ಚಿ, ಆಮೇಲೆ ಚರ್ಮದ ಪಟ್ಟಿ ಮೇಲೆ ತಿಕ್ಕಿ ಹೊಳಪು ಬರಿಸಬೇಕು.

ಸುಳ್ಯದ_ರಬ್ಬರ್
ಅದೆಲ್ಲ ಯಾಕೆ ಮಾರಾಯ್ರೆ, ನಮ್ಮಲ್ಲಿ ಕತ್ತಿಗೆ ಒರೆಯೇ ಇಲ್ಲ, ಸೊಂಟದ ಹಗ್ಗಕ್ಕೆ ಒಂದು ಕೊಕ್ಕೆ, ಅದಕ್ಕೆ ಸಿಕ್ಕಿಸಿದ್ರೆ ಆಯ್ತು. ಅಜ್ಜನ ಕಾಲದಿಂದ ಹಾಗೇ ಉಂಟು.

ಹೊಸನಗರ_ಕೈಕೆಲಸ
@ಸುಳ್ಯದ_ರಬ್ಬರ್ ನಮ್ಮ ಕಡೆನೂ ಕೊಕ್ಕೆನೇ. ಆದ್ರೆ ಬೈಕಲ್ಲಿ ಹೋಗೋವಾಗ ಬೆತ್ತಲೆ ಅಲಗು ಬೇಡ ಅಂತಲೇ ಈ ಆರ್ಡರ್ ಬಂದಿದ್ದು.
@ಬೆಂದಕಾಳೂರ್_ಲೆದರ್ ಹೌದು, ಒಂದೊಂದೇ ಮುಗಿಸ್ತಿದ್ದೆ. ಒಂದು ಕಷ್ಟ ಇದೆ, 40 ಕತ್ತಿನೂ ಕೈಯಲ್ಲಿ ಬಡಿದಿದ್ದು. ಒಂದರ ಥರ ಇನ್ನೊಂದಿಲ್ಲ, ಅಗಲದಲ್ಲಿ 4-5 ಮಿಮೀ ವ್ಯತ್ಯಾಸ ಬರುತ್ತೆ. ಒಂದೇ ಅಚ್ಚಿಟ್ಟು ಕತ್ತರಿಸೋಕೆ ಆಗ್ತಿಲ್ಲ, ಅದಕ್ಕೇ ಪ್ರತಿಯೊಂದಕ್ಕೂ ಕಾಗದ ಇಟ್ಟು ಅಳತೆ ತೆಗೀತಿದ್ದೆ.

ಕುಲುಮೆಮನೆ
ಕಮ್ಮಾರರ ಮನೆಯವನಾಗಿ ಹೇಳ್ತೀನಿ, ಬಡಿದ ಕತ್ತಿಗೆ ಮಿಲಿಮೀಟರ್ ಲೆಕ್ಕ ಕೇಳ್ಬೇಡಿ. ಆದ್ರೆ 40ನ್ನೂ ಒಂದು ಹಲಗೆ ಮೇಲೆ ಸಾಲಾಗಿ ಜೋಡಿಸಿ ನೋಡಿ, ತಾನಾಗೇ ಮೂರು ಗುಂಪಾಗುತ್ತೆ. ಸಪೂರ, ಮಧ್ಯಮ, ಅಗಲ. ಮೂರು ಅಚ್ಚು ಸಾಕು.

ಉಳಿರಂಪಿಗೆ
👆 ಇದು. ನೂರಕ್ಕೆ ನೂರು. ಪ್ರತಿ ಗುಂಪಲ್ಲಿ ಅತೀ ಅಗಲದ ಕತ್ತಿಗೆ ಅಚ್ಚು ಮಾಡಿ, ತೆಳು ಪ್ಲೈವುಡ್‌ನಲ್ಲೋ ಗಟ್ಟಿ ಪ್ಲಾಸ್ಟಿಕ್ ಶೀಟಲ್ಲೋ. ರಟ್ಟು ಬೇಡ, ಹತ್ತು ಸಲ ಗೀಚೋಷ್ಟರಲ್ಲಿ ಅಂಚು ಸವೆದು ಅಳತೆ ಜಾರುತ್ತೆ. ಸಪೂರ ಕತ್ತಿಗೆ ಉಳಿಯೋ ಸಂದನ್ನ ನಡುವಿನ ಪಟ್ಟಿ ಸ್ವಲ್ಪ ಅಗಲ ಮಾಡಿ ತುಂಬಿ. ಉಳಿದ ಸಡಿಲಾನ ನೀರಲ್ಲಿ ನೆನೆಸಿ, ಕತ್ತಿ ಒಳಗಿಟ್ಟು ಆಕಾರ ಕೂರಿಸುವಾಗ ಚರ್ಮನೇ ಸರಿ ಮಾಡ್ಕೊಳ್ಳುತ್ತೆ. ಕತ್ತಿಗೂ ಒರೆಗೂ ಒಂದೇ ನಂಬರ್ ಹಾಕಿಡಿ, ಇಲ್ಲಾಂದ್ರೆ ಕೊನೇಲಿ ಯಾವುದಕ್ಕೆ ಯಾವುದು ಅಂತ ಹುಡುಕ್ತಾ ಒಂದು ದಿನ ಹೋಗುತ್ತೆ.
ಇನ್ನೊಂದು, ಎರಡು ತುಂಡು ಯಾಕೆ ಹೊಲೀತಿದೀರಿ? ಒಂದೇ ತುಂಡು ಕತ್ತರಿಸಿ ಬೆನ್ನಿನ ಕಡೆ ಮಡಚಿ. ಹೊಲಿಗೆ ಅಲಗಿನ ಹರಿತದ ಕಡೆ ಮಾತ್ರ ಬರುತ್ತೆ, ಹೆಚ್ಚು ಕಮ್ಮಿ ಅರ್ಧ ಹೊಲಿಗೆ ಉಳೀತು. ಉಜ್ಜೋ ಅಂಚೂ ಅರ್ಧ.

ಬೆಂದಕಾಳೂರ್_ಲೆದರ್
ಛೆ ಅದನ್ನ ಮೊದಲೇ ಕೇಳ್ಬೇಕಿತ್ತು ನಾನು. ಎರಡೂ ಬದಿ ಹೊಲಿಗೆ ಅಂದ್ಕೊಂಡೇ ಇರ್ಲಿಲ್ಲ.

ಸುಮಾ_ಹೊಲಿಗೆಮನೆ
ನಾನು ಬ್ಯಾಗ್ ಹೊಲಿಯೋಳು, ಒರೆ ಮಾಡಿಲ್ಲ, ಆದ್ರೆ ಎರಡು ಸೂಜಿ ಹೊಲಿಗೆ ದಿನಾ ಹಾಕ್ತೀನಿ. 20 ಸೆಂಮೀ ಸಾಲಿಗೆ 4 ಮಿಮೀ ಅಂತರದಲ್ಲಿ 50 ಹೊಲಿಗೆ. ಒಂದು ಹೊಲಿಗೆಗೆ 20 ಸೆಕೆಂಡ್ ಅಂದ್ರೂ 17 ನಿಮಿಷ ಆಗ್ಬೇಕು, ನಿಮಗೆ ಒಂದೂವರೆ ಗಂಟೆ ಅಂದ್ರೆ ಹೊಲಿಗೆ ಎರಡು ಬದಿ ಇದೆ ಅಂತಿಟ್ಕೊಂಡ್ರೂ ಜಾಸ್ತಿ ಆಯ್ತು. ಚರ್ಮನ ಕೈಯಲ್ಲಿ ಹಿಡ್ಕೊಂಡು ಹೊಲೀತಿದೀರಾ? ಹಿಡಿಕೆ ಮರ ಇಲ್ವಾ? ಎರಡು ಹಲಗೆ, ಮಧ್ಯೆ ಬೋಲ್ಟು, ತೊಡೆ ಕೆಳಗೆ ಸಿಕ್ಕಿಸಿ ಕೂರೋದು. ಎರಡು ಕೈಯೂ ಸೂಜಿಗೇ ಬಿಡುವಾಗಬೇಕು, ಅದೇ ಗುಟ್ಟು. ಪ್ರತಿ ಸಲ ಸೂಜಿ ಕೆಳಗಿಟ್ಟು ಎತ್ಕೊಂಡ್ರೆ ಟೈಮೆಲ್ಲ ಅದರಲ್ಲೇ ಹೋಗುತ್ತೆ.
ನಿಮ್ಮ 9 ಮಿಮೀ ದಪ್ಪಕ್ಕೆ ದಾರ ಸಾಲಿನ ಉದ್ದದ ಏಳು ಪಟ್ಟು ಮೇಲೆ ಒಂದು ಮೊಳ ತಗೊಳ್ಳಿ. ಹತ್ತಕ್ಕೂ ಮೊದಲೇ ಕತ್ತರಿಸಿ ಮೇಣ ಎಳೆದು ಗೋಡೆ ಮೊಳೆಗೆ ನೇತುಹಾಕಿಡಿ.

ಹೊಸನಗರ_ಕೈಕೆಲಸ
ಸುಮಕ್ಕ, ಮೊಣಕಾಲ ಮಧ್ಯೆ ಒತ್ತಿ ಹಿಡ್ಕೊಂಡೇ ಹೊಲೀತಿದ್ದೆ. ನಾಳೆನೇ ಹಲಗೆ ಮಾಡಿಸ್ತೀನಿ.

ತುಂಗಾತೀರ
ನಡುವಿನ ಪಟ್ಟಿ ತೆಗೆದುಬಿಟ್ರೆ ಇನ್ನೂ ಬೇಗ ಆಗುತ್ತಲ್ವ? ಎರಡೇ ಪದರ, ತೂತು ಸುಲಭ. ಅಂಗಡಿಲಿ ಸಿಗೋ ಎಷ್ಟೋ ಒರೇಲಿ ಪಟ್ಟಿನೇ ಇರಲ್ಲ.

ಕೂರ್ಗ್_ಕಾಫಿ
ದಯವಿಟ್ಟು ಆ ಕೆಲಸ ಮಾಡ್ಬೇಡಿ. ನಮ್ಮ ತೋಟದಲ್ಲಿ ಕಣ್ಣಾರೆ ನೋಡಿದೀನಿ. ಮೆಣಸು ಬಳ್ಳಿ ಕಟ್ಟೋಕೆ ಬಂದಿದ್ದ ಹುಡುಗ ಏಣಿಯಿಂದ ಇಳಿಯುವಾಗ ಜಾರಿದ, ಸೊಂಟದಲ್ಲಿದ್ದ ಒರೇಲಿ ಪಟ್ಟಿ ಇರ್ಲಿಲ್ಲ, ದಿನಾ ಕತ್ತಿ ಹಾಕಿ ತೆಗೆದು ಒಳಗಿಂದ ದಾರ ಆಗಲೇ ಕುಯ್ದುಹೋಗಿತ್ತು, ಹೊರಗಿಂದ ಯಾರಿಗೂ ಕಾಣ್ತಿರ್ಲಿಲ್ಲ. ಅಲಗು ಒರೆ ಸೀಳ್ಕೊಂಡು ಬಂದು ತೊಡೆಗೆ ಹನ್ನೊಂದು ಹೊಲಿಗೆ. ಟೈಮ್ ಎಲ್ಲಿ ಬೇಕಾದ್ರೂ ಉಳಿಸಿ, ಹರಿತದ ಕಡೆ ಪಟ್ಟೀಲಿ ಮಾತ್ರ ಉಳಿಸ್ಬೇಡಿ. ಒರೆ ಬಾಯಿ ಹತ್ರನೂ ತುದಿ ಹತ್ರನೂ ಒಂದೊಂದು ತಾಮ್ರದ ರಿವಿಟ್ ಹಾಕಿ, ಅಲ್ಲೇ ಮೊದಲು ಬಿಚ್ಕೊಳ್ಳೋದು.
ನಮ್ಮ ಕೊಡವರ ಅಗಲದ ಒಡಿಕತ್ತಿಗೆ ಬೆನ್ನ ಹಿಂದೆ ಹಿತ್ತಾಳೆ ತೊಡಂಗ್ (ಕತ್ತಿ ಸಿಕ್ಕಿಸೋ ಕೊಕ್ಕೆ) ಇರುತ್ತೆ, ಸೊಂಟದ ಸಣ್ಣ ಪೀಚೆಕತ್ತಿಗೆ ಮರದ ಒರೆ ಮೇಲೆ ಬೆಳ್ಳಿ. ಹಿರಿಯರು ಅಲಗು ತಾಗೋ ಜಾಗದಲ್ಲಿ ಹೊಲಿಗೆನೇ ಬರದ ಹಾಗೆ ನೋಡ್ಕೊಂಡಿದಾರೆ ಅಂತ ನನಗನ್ಸುತ್ತೆ.

ತುಂಗಾತೀರ
ಅಯ್ಯೋ. ಸರಿ, ನನ್ನ ಮಾತು ವಾಪಸ್ ತಗೊಂಡೆ. ನನ್ನ ಹತ್ರ ಇರೋ ಎರಡು ಒರೆ ಇವತ್ತೇ ಬಿಚ್ಚಿ ನೋಡ್ತೀನಿ.

ಶಾರ್ಜಾ_ಕನ್ನಡಿಗ
ಚರ್ಮ ಯಾವುದು ಅಂತ ಯಾರೂ ಕೇಳ್ಲಿಲ್ಲ. ಸೋಫಾ ಲೆದರ್ ಸಸ್ತಾ ಸಿಗುತ್ತಲ್ಲ, ಅದಾಗುತ್ತಾ?

ಉಳಿರಂಪಿಗೆ
ಆಗಲ್ಲ. ಸೋಫಾ, ಜಾಕೆಟ್ಟು ಎಲ್ಲ ಸಾಮಾನ್ಯವಾಗಿ ಕ್ರೋಮ್ ಹದದ್ದು, ಅಂದ್ರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಮೆತ್ತಗಿರುತ್ತೆ, ನೆನೆಸಿ ಕತ್ತಿ ಒಳಗಿಟ್ಟು ಒಣಗಿಸಿದ್ರೆ ಆಕಾರ ನಿಲ್ಲಲ್ಲ, ಜೊತೆಗೆ ಅದರಲ್ಲಿ ಉಳಿದಿರೋ ಉಪ್ಪಿಂದ ಅಲಗು ತುಕ್ಕು ಹಿಡಿಯುತ್ತೆ. ಒರೆಗೆ ತೊಗಟೆ ಹದದ, ಅಂದ್ರೆ ಮರದ ತೊಗಟೆ ರಸದಲ್ಲಿ ಹದ ಮಾಡಿದ ಚರ್ಮವೇ ಬೇಕು. ಗುರುತಿಸೋದು ಸುಲಭ, ಕತ್ತರಿಸಿದ ಅಂಚು ನೋಡಿ, ಮಧ್ಯದಲ್ಲಿ ನೀಲಿ ಬೂದು ಛಾಯೆ ಕಂಡ್ರೆ ಕ್ರೋಮ್. ತೊಗಟೆ ಹದದ್ದು ಅಂಚಿನವರೆಗೂ ಕಂದು ಬಣ್ಣ, ಒಂದು ಹನಿ ನೀರು ಬಿಟ್ರೆ ಕುಡಿದು ಕಪ್ಪಾಗುತ್ತೆ.

ಅಥಣಿಯವ
ಹೌದ್ರಿ. ಜಾಲಿ ತೊಗಟಿ, ಅಳಲೆಕಾಯಿ ಹಾಕಿ ಹದಾ ಮಾಡಿದ್ದ ಬೇಕು. ಮತ್ತ ಬೆನ್ನಿನ ಭಾಗದ್ದ ತಗೋರಿ, ಹೊಟ್ಟಿ ಭಾಗ ಅಗ್ಗ ಅಂತ ತಂದ್ರ ಜಗ್ಗಿ ಜಗ್ಗಿ ಒರಿ ಜೋಳಿಗಿ ಆಗ್ತೈತಿ. ಎಮ್ಮಿ ತೊಗಲು ಗಟ್ಟಿ, ಮ್ಯಾಲಿನ ಮೈ ಒರಟ ಇರ್ತೈತಿ ಅಷ್ಟ, ತ್ವಾಟದ ಕೆಲಸಕ್ಕ ಅದಕ್ಕಿಂತ ಚಲೋದು ಇಲ್ಲ.

ಹೊಸನಗರ_ಕೈಕೆಲಸ
ಎಲ್ರಿಗೂ ಥ್ಯಾಂಕ್ಸ್, ಇವತ್ತು ಹೊಸ ಥರ ಹತ್ತು ಶುರು ಮಾಡ್ದೆ. ಈಗ ಬೇರೆ ತೊಂದರೆ. ನೆನೆಸಿ ಕತ್ತಿ ಕೂರಿಸಿ, ಅಂಚು ಬಾಯಿ ಬಿಡದಿರ್ಲಿ ಅಂತ ಆಫೀಸಿನ ಕಪ್ಪು ಕ್ಲಿಪ್ ಹಾಕಿದ್ದೆ. ಬೆಳಗ್ಗೆ ನೋಡಿದ್ರೆ ಕ್ಲಿಪ್ ಇದ್ದ ಕಡೆ ಎಲ್ಲ ನೀಲಿ ಕಪ್ಪು ಕಲೆ! ಎರಡು ಒರೇಲಿ ಅಲಗಿನ ಗುರುತೂ ಕಪ್ಪಾಗಿ ಬಿದ್ದಿದೆ. ತೊಳೆದ್ರೆ ಹೋಗ್ತಿಲ್ಲ.

ಮಸಿಕುಡಿಕೆ
ನಾನು ಚರ್ಮದ ಕೆಲಸದವನಲ್ಲ, ಹಳೇ ಕಾಗದ ಪತ್ರ ಓದೋ ಹುಚ್ಚು. ನಿಮಗಾಗಿದ್ದು ಮಸಿ! ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಹಿಂದೆ ಬರೆಯೋ ಮಸಿ ಮಾಡ್ತಿದ್ರು. ಅನ್ನಭೇದಿ ಅಂದ್ರೆ ಕಬ್ಬಿಣದ ಲವಣ. ನಿಮ್ಮ ಚರ್ಮದಲ್ಲಿ ತೊಗಟೆಯ ಒಗರು ಇದೆ, ಕ್ಲಿಪ್ಪಲ್ಲಿ ಕಬ್ಬಿಣ ಇದೆ, ನೀರು ಸೇರ್ತು, ಅಷ್ಟೇ.

ಉಳಿರಂಪಿಗೆ
ಎಷ್ಟು ಚೆನ್ನಾಗಿ ಹೇಳಿದ್ರಿ. ಹೌದು, ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿಸಬಾರದು. ಕತ್ತಿಗೆ ಅಡುಗೆಮನೆ ಪ್ಲಾಸ್ಟಿಕ್ ಹಾಳೆ ಎರಡು ಸುತ್ತು ಸುತ್ತಿ ಕೂರಿಸಿ, ಕ್ಲಿಪ್ ಬದಲು ಬಟ್ಟೆ ಒಣಗಿಸೋ ಮರದ ಕ್ಲಿಪ್. ಕಲೆಗೆ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ತಿಳಿಯಾಗುತ್ತೆ. ಪೂರ್ತಿ ಹೋಗದ ಒರೆಗಳನ್ನ ಪೂರ್ತಿ ಕಪ್ಪು ಮಾಡಿಬಿಡಿ: ವಿನೆಗರ್‌ಗೆ ಕಬ್ಬಿಣದ ಪುಡಿನೋ ಪಾತ್ರೆ ತಿಕ್ಕೋ ಸ್ಟೀಲ್ ನಾರೋ ಹಾಕಿ ಕೆಲವು ದಿನ ಮುಚ್ಚಳ ಸಡಿಲ ಬಿಟ್ಟಿಟ್ಟು, ಸೋಸಿ ಬಳಿದ್ರೆ ಕಣ್ಣೆದುರೇ ಕಪ್ಪಾಗುತ್ತೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ಒರೆಸಿ ಹುಳಿ ತೆಗೀಬೇಕು, ಮರೀಬೇಡಿ. ಇದು ಮೇಲೆ ಬಳಿದ ಬಣ್ಣ ಅಲ್ಲ, ಚರ್ಮದೊಳಗೇ ಆದ ಬಣ್ಣ, ಕೈಗೆ ಹತ್ತಲ್ಲ.

ಬೆಂದಕಾಳೂರ್_ಲೆದರ್
ಕಪ್ಪು ಒರೆ ಅಂತ 50 ರೂಪಾಯಿ ಜಾಸ್ತಿನೇ ಕೇಳಿ.

ಹೊಸನಗರ_ಕೈಕೆಲಸ
ಇನ್ನೊಂದು, ಒಣಗ್ತಾನೇ ಇಲ್ಲ. ಇಲ್ಲಿ ಮಳೆ ಬಿಡೋ ಮಾತೇ ಇಲ್ಲ, ದಿನಾ ಸುರೀತಿದೆ. ಒಲೆ ಮೇಲಿನ ಅಟ್ಟದಲ್ಲಿ ಇಡ್ಲಾ? ಅಡಿಕೆ ಒಣಗಿಸೋ ಡ್ರೈಯರ್ ಇದೆ ಪಕ್ಕದ ಮನೇಲಿ.

ಸುಮಾ_ಹೊಲಿಗೆಮನೆ
ಡ್ರೈಯರ್ ಬೇಡವೇ ಬೇಡ! ಒದ್ದೆ ಚರ್ಮಕ್ಕೆ ಬಿಸಿ ತಾಗಿದ್ರೆ ಮುದುಡಿ ಹಪ್ಪಳದ ಥರ ಆಗುತ್ತೆ, ಮಡಚಿದ್ರೆ ಸೀಳುತ್ತೆ.

ಕೂರ್ಗ್_ಕಾಫಿ
ಫ್ಯಾನ್ ಗಾಳಿ ಸಾಕು. ನೆನೆಸೋದೇ ಕಮ್ಮಿ ಮಾಡಿ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಗುಳ್ಳೆ ಬರೋದು ಕಮ್ಮಿಯಾಯ್ತು ಅಂದ ತಕ್ಷಣ ತೆಗೀರಿ. ರಾತ್ರಿಯಿಡೀ ನೀರಲ್ಲಿ ಬಿಟ್ರೆ ಮೂರು ದಿನವಾದ್ರೂ ಒಣಗಲ್ಲ, ಬೂಸ್ಟು ಬರುತ್ತೆ. ತುದೀಲಿ ಒಂದು ಸಣ್ಣ ತೂತು ಬಿಡಿ, ಮಳೆನೀರು ಇಳಿದುಹೋಗೋಕೆ. ಮತ್ತೆ ತಗೊಳ್ಳೋರಿಗೆ ಹೇಳಿ, ಮಳೆಗಾಲದಲ್ಲಿ ರಾತ್ರಿ ಕತ್ತಿನ ಒರೇಲಿ ಇಡಬಾರದು, ಎಣ್ಣೆ ಒರೆಸಿ ಹೊರಗಿಡಬೇಕು. ಚರ್ಮ ನೀರು ಹಿಡಿದಿಟ್ಟು ಅಲಗನ್ನ ತಿನ್ನುತ್ತೆ. ಇದನ್ನ ಹೇಳದೆ ಕೊಟ್ರೆ ನಾಳೆ ಬೈಗುಳ ಕತ್ತಿ ಮಾಡಿದವರಿಗೆ.

ಕುಲುಮೆಮನೆ
ನಿಜ. ನಮಗೆ ಬಂದಿದೆ ಆ ಬೈಗುಳ.

ಶಾರ್ಜಾ_ಕನ್ನಡಿಗ
ಅಂಚು ಉಜ್ಜೋಕೆ ಏನು ಬಳಸ್ತೀರಿ? ಆನ್‌ಲೈನಲ್ಲಿ ಏನೇನೋ ವಿದೇಶಿ ಅಂಟು ತೋರಿಸ್ತಾರೆ, ಬೆಲೆ ನೋಡಿದ್ರೆ ಗಾಬರಿಯಾಗುತ್ತೆ.

ಅಥಣಿಯವ
ಹುಣಸಿಬೀಜದ ಸರಿ, ಅಂದ್ರ ಗಂಜಿಯಂಥ ಅಂಟು ಮಾಡ್ಕೋರಿ. ಕಂಬಳಿ ನೇಯಾವ್ರು ಹಚ್ಚತಾರಲ್ಲ ಅದ. ಬೀಜ ಹುರದು ಸಿಪ್ಪಿ ತಗದು, ನೆನಸಿ, ರುಬ್ಬಿ ಕುದಸೂದು. ತೆಳ್ಳಗ ಹಚ್ಚಿ ಗಟ್ಟಿ ಕಟ್ಟಗಿಲೆ ಇಲ್ಲಾ ದಪ್ಪ ಅರಬಿಲೆ ತಿಕ್ಕರಿ, ಗಾಜಿನಂಗ ಆಗ್ತೈತಿ. ಮ್ಯಾಲ ಜೇನಮೇಣ.

ಬೆಂದಕಾಳೂರ್_ಲೆದರ್
ಇದು ನನಗೆ ಹೊಸದು, ಮಾಡಿ ನೋಡ್ತೀನಿ. ಬೇಗ ಆಗೋಕೆ ನಾನು ಮಾಡೋದು: ಅಂಟು ಒಣಗಿದ ಮೇಲೆ, ತೂತು ಹೊಡೆಯೋಕ್ಕಿಂತ ಮುಂಚೆ ಮೂರೂ ಪದರದ ಅಂಚನ್ನ ಒಟ್ಟಿಗೆ ಮರಳುಕಾಗದದಲ್ಲಿ ಸಮ ಮಾಡ್ಬಿಡ್ತೀನಿ, ಮೊದಲು 120 ನಂಬರಿನದು, ಆಮೇಲೆ ನಯವಾದ 400. ಅಂಚು ಸಮ ಇದ್ರೆ ಹೊಲಿಗೆ ಗೆರೆನೂ ಸಮ ಬರುತ್ತೆ. ಹೊಲಿದ ಮೇಲೆ ಉಜ್ಜೋಕೆ ಹೋದ್ರೆ ಕೆಲಸ ಜಾಸ್ತಿ, ದಾರಕ್ಕೂ ಪೆಟ್ಟು.

ಮಸಿಕುಡಿಕೆ
ವಿಷಯ ಬಿಟ್ಟು ಒಂದು ಮಾತು. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟ ಮೂರೂ ಬರುತ್ತೆ. ಚರ್ಮದ ಕೆಲಸದ ಆ ಶರಣ ದೇವರ ಹೆಸರಿನ ಜೊತೆಗೇ ತನ್ನ ಕೆಲಸದ ಸಾಮಾನು ಇಟ್ಕೊಂಡಿದಾನೆ. ನೀವೆಲ್ಲ ಉಳಿ ಬಗ್ಗೆ ಜಗಳ ಆಡೋದು ಓದಿ ಅದೇ ನೆನಪಾಯ್ತು.

ಅಥಣಿಯವ
ನೆನಪ ಮಾಡಿದ್ದು ಚಲೋ ಆತ್ರಿ. ಒಂದ ಮಾತು ನಾನೂ ಹೇಳ್ತೀನಿ, ಯಾರೂ ತಪ್ಪ ತಿಳ್ಕೋಬ್ಯಾಡ್ರಿ. ನಾವು ಸಮಗಾರರು. ಇದ ಉಳಿ, ಇದ ರಂಪಿಗಿ (ತೊಗಲು ಕೊಯ್ಯೂ ಹತಾರ) ಹಿಡದು ನಮ್ಮಪ್ಪ ಬಸ್‌ಸ್ಟ್ಯಾಂಡ್ ಮುಂದ ಕೂತಾಗ ಐದ ರೂಪಾಯಿಗೆ ಚೌಕಾಸಿ ಮಾಡತಿದ್ರು, ದುಡ್ಡು ಮ್ಯಾಲಿಂದ ಒಗಿತಿದ್ರು, ಕೈಯಾಗ ಕೊಡತಿರ್ಲಿಲ್ಲ. ಈಗ ಅದ ಕೆಲಸಕ್ಕ ಲೆದರ್ ಕ್ರಾಫ್ಟ್ ಅಂತ ಹೆಸರಿಟ್ಟು ಎರಡ ದಿನದ ಕ್ಲಾಸಿಗೆ ಸಾವಿರಗಟ್ಟಲೆ ಫೀ. ಕಲೀರಿ, ಎಲ್ಲಾರೂ ಕಲೀರಿ, ನನಗ ಖುಷಿನ ಐತಿ. ಆದ್ರ ನಿಮ್ಮೂರಾಗ ಚಪ್ಪಲಿ ಹೊಲಿಯಾವ್ರ ಹತ್ರ ಹೋಗಿ ಒಂದ ದಿನ ಕೂತು ನೋಡ್ರಿ, ದುಡ್ಡು ಕೊಟ್ಟು ನೋಡ್ರಿ. ಯೂಟ್ಯೂಬ್‌ನ್ಯಾಗ ಸಿಗಲಾರದ್ದು ಸಿಗತೈತಿ.

ಸುಮಾ_ಹೊಲಿಗೆಮನೆ
ಅಣ್ಣಾ, ಓದಿ ಗಂಟಲು ಕಟ್ಟಿತು. ನಾನು ಹೊಲಿಗೆ ಕಲ್ತಿದ್ದು ನಮ್ಮ ಬೀದಿ ಮೂಲೇಲಿ ಕೂರ್ತಿದ್ದ ತಾತನ ಹತ್ರ. ಅವರ ಹೆಸರು ಎಲ್ಲೂ ಹೇಳಿರ್ಲಿಲ್ಲ ಇಷ್ಟು ದಿನ, ನನ್ನ ಪುಟದಲ್ಲಿ ಇವತ್ತೇ ಬರೀತೀನಿ.

ತುಂಗಾತೀರ
ಸರ್ಕಾರದ ಚರ್ಮ ಕೈಗಾರಿಕೆ ನಿಗಮ ಲಿಡ್ಕರ್ ಇದೆಯಲ್ಲ, 1976ರಿಂದ. ಅಲ್ಲಿ ಒರೆ ಥರದ್ದು ಮಾಡಿಸೋಕೆ ಆಗಲ್ವಾ?

ಅಥಣಿಯವ
ಚಪ್ಪಲಿ, ಬೂಟು, ಬ್ಯಾಗು ಕಂಡೀನ್ರಿ, ಒರಿ ಕಂಡಿಲ್ಲ.

ಹೊಸನಗರ_ಕೈಕೆಲಸ
ಎರಡು ವಾರದ ನಂತರ ಬಂದಿದೀನಿ. 40 ಮುಗೀತು. ಮೂರು ಅಚ್ಚು, ಮಡಚಿದ ಒಂದೇ ತುಂಡು, ಹತ್ತರ ಗುಂಪು. ಈಗ ಒಂದಕ್ಕೆ ಸರಾಸರಿ ಒಂದು ಗಂಟೆ 40 ನಿಮಿಷ, ಒಣಗೋ ಹೊತ್ತು ಬಿಟ್ಟು. ಮುಂಚೆ ಮಾಡಿದ್ದ ಮೂರು ಬಿಟ್ಟು 20ಕ್ಕೆ ಡ್ರಿಲ್ ಹೊಡೆದೆ, ಉಳಿದ 17ಕ್ಕೆ ಮೊದಲು ಚಿಸೆಲ್, ಆಮೇಲೆ ಮಸೆದ ಉಳಿ. ಉಳಿಗೆ ಒಂದಕ್ಕೆ 12 ನಿಮಿಷ ಜಾಸ್ತಿ ಹಿಡೀತು, ಆದ್ರೆ ಅಥಣಿಯವರು ಹೇಳಿದ್ದು ಕೈಗೇ ಗೊತ್ತಾಗುತ್ತೆ, ಉಳಿ ಹೊಲಿಗೆ ಹೆಚ್ಚು ಬಿಗಿ. ಮುಂದಿನ ಸಲ ಪೂರ್ತಿ ಉಳಿನೇ.
ಒಂದು ತಪ್ಪಾಯ್ತು. ಎಲ್ಲ ಒರೆನೂ ಬಲಗೈಯವರಿಗೇ ಕತ್ತರಿಸಿದ್ದೆ. ಮೂವರು ಎಡಗೈಯವರಂತೆ, ಕೊಡೋ ದಿನ ಗೊತ್ತಾಯ್ತು. ಆ ಮೂರು ಮತ್ತೆ ಮಾಡಿಕೊಡ್ತಿದೀನಿ, ಅಚ್ಚು ತಿರುಗಿಸಿ ಇಟ್ರೆ ಆಯ್ತು.
ಮತ್ತೆ ನಮ್ಮೂರ ಸಂತೇಲಿ ಚಪ್ಪಲಿ ಹೊಲಿಯೋ ಹಿರಿಯರ ಹತ್ರ ಎರಡು ಮಧ್ಯಾಹ್ನ ಕೂತಿದ್ದೆ. ದಾರದ ತುದಿಗೆ ಮೇಣ ಹಚ್ಚಿ ಸೂಜಿ ಪೋಣಿಸೋದನ್ನ ಅವರು ಮಾಡೋ ರೀತಿನೇ ಬೇರೆ, ಗಂಟೇ ಇರಲ್ಲ. ಫೋಟೋ ಹಾಕ್ಲಾ ಅಂತ ಅವರನ್ನ ಕೇಳಿ ಆಮೇಲೆ ಹಾಕ್ತೀನಿ.

ಕುಲುಮೆಮನೆ
ಎಡಗೈಯವರ ಕತ್ತಿ ಮಸೆಯೋದೂ ಬೇರೆ ಕಡೆ, ಒಂದೇ ಬದಿ ಮಸೆದಿದ್ರೆ. ನಿಮ್ಮ ಕುಲುಮೆಯವರಿಗೆ ಕೇಳಿ ನೋಡಿ.

ಅಥಣಿಯವ
ಫೋಟೋ ಹಾಕ್ರಿ, ನಮ್ಮವ್ವಗ ತೋರಸ್ತೀನಿ.